ಬೊಂಬಾಯಿಯ ತೇಗದ ಹಡಗನ್ನು ಹಾರ್ಟಲ್‌ಪೂಲ್‌ನಲ್ಲಿ ನೋಡಹೊರಟವರಿಗೆ

ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರುವ ಕಾಸರಗೋಡಿನ ಮನೆಗಳಲ್ಲಿ ತಂದೆತಾಯಂದಿರು ಎರಡು ಮೂರು ತಿಂಗಳು ಅಲ್ಲಿಗೆ ಹೋಗಿಬರುವುದು ಈಗ ರೂಢಿಯಾಗಿದೆ. ಹಾಗೆ ಹೋಗುವವರು ಲಂಡನ್ನಿನ ಸುತ್ತಾಟದ ಜೊತೆಗೆ ಒಂದು ಇಡೀ ದಿನವನ್ನು ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್ ಎಂಬ ಬಂದರಿಗೆ ಮೀಸಲಿಡಬೇಕು ಎಂಬುದು ನನ್ನ ಒತ್ತಾಯ. ಅಲ್ಲಿ ‘ಟ್ರಿಂಕೋಮಲಿ’ ಎಂಬ ಹಾಯಿ ಯುದ್ಧನೌಕೆಯಿದೆ. ಬ್ರಿಟನ್ನಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಅದೇ ಅತ್ಯಂತ ಹಳೆಯದು; ಆದರೆ ಅದನ್ನು ಕಟ್ಟಿದ್ದು ಬೊಂಬಾಯಿಯಲ್ಲಿ, ಮಲಬಾರಿನ ತೇಗದಿಂದ.

ಹೊರಡುವ ಮೊದಲೇ ಒಂದು ಕೆಲಸ ಮಾಡಿಕೊಂಡರೆ ಆ ಹಡಗು ಹೆಚ್ಚು ಅರ್ಥವಾಗುತ್ತದೆ. ಕಾಸರಗೋಡಿನಿಂದ ರೈಲಿನಲ್ಲಿ ಶೋರನೂರಿಗೆ ಹೋಗಿ, ಅಲ್ಲಿಂದ ಕವಲು ಹಾದಿಯಲ್ಲಿ ನಿಲಂಬೂರಿಗೆ ಹೋಗಿ ತೇಗದ ವಸ್ತುಸಂಗ್ರಹಾಲಯವನ್ನೂ 1840ರ ದಶಕದಲ್ಲಿ ನೆಡಲಾರಂಭಿಸಿದ ಕೊನೊಲಿ ತೋಟವನ್ನೂ ನೋಡಿ ಬನ್ನಿ. ನೌಕಾಪಡೆಗೆ ಮರ ಒದಗಿಸುವುದಕ್ಕಾಗಿಯೇ ಕಂಪೆನಿ ಸರಕಾರವು 1806ರಲ್ಲಿ ವಾಟ್ಸನ್ ಎಂಬ ಅಧಿಕಾರಿಯನ್ನು ಮಲಬಾರಿನ ಕಾಡುಗಳಿಗೆ ನೇಮಿಸಿತ್ತು. ಕಡಿದು ಕಡಿದು ಕಾಡು ಬರಿದಾದ ಮೇಲೆ ನೆಟ್ಟು ಬೆಳೆಸುವ ಯೋಚನೆ ಬಂದಿತು. ನಾವು ಮೊದಲು ಆ ಮರಗಳನ್ನು ನೋಡಿ, ಆಮೇಲೆ ಹಡಗನ್ನು ನೋಡಿದ್ದು ಒಳ್ಳೆಯದಾಯಿತು.

ನನ್ನ ಮಗಳು ಇರುವುದು ನ್ಯೂಕ್ಯಾಸಲ್‌ನಲ್ಲಿ. ಕೊಚ್ಚಿಯಿಂದ ದುಬೈ ಮಾರ್ಗವಾಗಿ ಆ ಊರಿಗೆ ವಿಮಾನವಿದೆ. ಅಲ್ಲಿಂದ ಸಂಡರ್‌ಲ್ಯಾಂಡ್ ದಾರಿಯಾಗಿ ಕಡಲಂಚಿನಲ್ಲಿ ಸಾಗುವ ರೈಲು ಹಾರ್ಟಲ್‌ಪೂಲ್‌ಗೆ ಒಯ್ಯುತ್ತದೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದಲೂ ನೇರ ರೈಲುಗಳಿವೆ. ನಿಲ್ದಾಣದಿಂದ ಹಡಗಿನ ಬಳಿಗೆ ನಡೆದೇ ಹೋಗಬಹುದು. ನಾವು ಮಧ್ಯಾಹ್ನದ ಊಟ ಮುಗಿಸಿ ಹೊರಟು ದೊಡ್ಡ ತಪ್ಪು ಮಾಡಿದೆವು. ಹಡಗು ಹತ್ತುವಷ್ಟರಲ್ಲಿ ಮುಚ್ಚುವ ಸಮಯ ಸಮೀಪಿಸಿದ್ದರಿಂದ ಕೆಳಗಿನ ಅಟ್ಟಗಳನ್ನು ನೋಡಲು ಮತ್ತೊಂದು ದಿನ ಬರಬೇಕಾಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಅಟ್ಟದಿಂದ ಅಟ್ಟಕ್ಕೆ ಇಳಿಯುವ ಏಣಿಮೆಟ್ಟಿಲುಗಳು ಬಹಳ ಕಡಿದು. ಹೆಂಗಸರು ಸೀರೆಯ ಬದಲು ಚೂಡಿದಾರ್ ಹಾಕಿಕೊಂಡು, ಜಾರದ ಚಪ್ಪಲಿ ಮೆಟ್ಟಿಕೊಂಡು ಹೋಗುವುದು ಕ್ಷೇಮ. ಮಂಡಿನೋವಿರುವವರು ಹಿಮ್ಮುಖವಾಗಿ ಇಳಿಯಲಿ. ಕೆಳಗೆ ತೊಲೆಗಳು ತಲೆಗೆ ತಾಗುವಷ್ಟು ತಗ್ಗಿನಲ್ಲಿವೆ. ಜುಲೈಯಲ್ಲಿಯೂ ಉತ್ತರ ಸಮುದ್ರದ ಗಾಳಿ ಚಳಿ ಹಿಡಿಸುತ್ತದೆ, ಸ್ವೆಟರ್ ಮರೆಯಬೇಡಿ.

ಹಡಗಿನ ಉದ್ದ ಸುಮಾರು 150 ಅಡಿ, ಅಗಲ 40 ಅಡಿ. ಇದರ ನಕ್ಷೆಗಳನ್ನು ಮೊದಲು ಕಳುಹಿಸಿದ್ದ ‘ಜಾವಾ’ ಎಂಬ ನೌಕೆಯು 1812ರ ಡಿಸೆಂಬರಿನಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ನೌಕೆಯೊಡನೆ ಕಾದಾಡಿ ಸೋತು ನಾಶವಾದುದರಿಂದ ಎರಡನೆಯ ಸಲ ನಕ್ಷೆ ತರಿಸಬೇಕಾಯಿತು. ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ. ನಮ್ಮಲ್ಲಿ ದಾರಂದ ಇಡಲು ಮುಹೂರ್ತ ನೋಡುವಂತೆ ಅವರು ತಮ್ಮ ಸಂಪ್ರದಾಯದಂತೆ ಹಡಗಿನ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದಿದ್ದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು.

ಕೆಳ ಅಟ್ಟದಲ್ಲಿ ಒಂದು ತೊಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಬದಿಯಡ್ಕದ ನಮ್ಮ ಹಳೆಯ ಮನೆಯ ಚಾವಡಿಯ ಕಂಬದಂತೆಯೇ ಅದು ಕಪ್ಪಗೆ, ನುಣುಪಾಗಿ, ನೂರಾರು ಅಂಗೈಗಳು ಸವರಿದ ಹಾಗಿತ್ತು. “ಅಜ್ಜಿ, ಇದು ನಮ್ಮ ಊರಿನ ಮರವಾ?” ಎಂದು ಮೊಮ್ಮಗ ಕೇಳಿದ. ನಮ್ಮದಕ್ಕಿಂತ ತೆಂಕಣ ಕಾಡಿನದು ಎಂದೆ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆ ಮೊಳೆಯನ್ನೂ ಮರವನ್ನೂ ಕಾಯುತ್ತದೆ. ಇಂದಿಗೂ ಹಡಗಿನ ಒಡಲಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೂಲ ಮರವೇ ಇದೆ.

ಆದರೂ ಮರದ ಗುಣವೊಂದರಿಂದಲೇ ಹಡಗು ಉಳಿಯಲಿಲ್ಲ ಎಂಬುದನ್ನು ಗಮನಿಸಬೇಕು. ಯುದ್ಧನೌಕೆಯಾಗಿ ಅದು ಕಡಲಿನಲ್ಲಿ ದುಡಿದದ್ದು 1847ರಿಂದ 1857ರ ನಡುವಿನ ಕೆಲವೇ ವರ್ಷ. 1897ರಲ್ಲಿ ಒಡೆಯಲು ಮಾರಿದ್ದ ಹಡಗನ್ನು ವೀಟ್ಲಿ ಕಾಬ್ ಎಂಬವರು ಕೊಂಡು, ‘ಫುದ್ರಾಯಾಂ’ ಎಂದು ಹೆಸರಿಟ್ಟು, ಎಳೆಯರಿಗೆ ನೌಕಾವಿದ್ಯೆ ಕಲಿಸುವ ಶಾಲೆಯನ್ನಾಗಿ ಮಾಡಿದರು. ಆ ಶಾಲೆ 1986ರವರೆಗೆ ನಡೆಯಿತು. ಮಕ್ಕಳು ಓಡಾಡುತ್ತಿದ್ದ ಮನೆಗೆ ಗೆದ್ದಲು ಬೇಗ ಹಿಡಿಯುವುದಿಲ್ಲ. ಶಿಕ್ಷಕಿಯಾಗಿದ್ದ ನನಗೆ ಈ ಹಡಗಿನ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. 1987ರಲ್ಲಿ ಹಾರ್ಟಲ್‌ಪೂಲ್‌ಗೆ ತಂದು 2001ರವರೆಗೆ ದುರಸ್ತಿ ಮಾಡಿ ಹಳೆಯ ಹೆಸರನ್ನೇ ಮರಳಿ ಇಟ್ಟರು. ನಾವು ಹೋದ ದಿನವೂ ಒಂದು ಶಾಲೆಯ ಮಕ್ಕಳು ನಾವಿಕರ ಊಟದ ಅಟ್ಟದಲ್ಲಿ ಕುಳಿತು, ಒಬ್ಬೊಬ್ಬನಿಗೆ 14 ಅಂಗುಲ ಅಗಲದ ಜಾಗದಲ್ಲಿ ತೂಗುಹಾಸಿಗೆ ಕಟ್ಟುತ್ತಿದ್ದುದನ್ನು ಕೈಯಿಂದ ಅಳೆದು ನೋಡುತ್ತಿದ್ದರು.

ಮೇಲಟ್ಟದ ಹಲಗೆಗಳ ಸಂದುಗಳನ್ನು ಬಗ್ಗಿ ನೋಡಲು ಮರೆಯಬೇಡಿ. ನಾರು ತುಂಬಿ ಮೇಲೆ ಕಪ್ಪು ರಾಳ ಹೊಯ್ದ ಆ ಗೆರೆಗಳೇ ಹಡಗಿನ ಜೀವ. ಮರದ ಹಡಗಿಗೆ ಉಪ್ಪುನೀರಿಗಿಂತ ಮೇಲಿನಿಂದ ಇಳಿಯುವ ಮಳೆನೀರೇ ದೊಡ್ಡ ಶತ್ರು. ಒಂದು ಹಂಚು ಸರಿದರೆ ಪಕ್ಕಾಸು ಕುಂಬಾಗುವುದನ್ನು ಪ್ರತಿ ಆಟಿಯಲ್ಲಿಯೂ ಕಾಣುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಿನ ಬಿಡುವಿದ್ದವರು ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ‘ಯೂನಿಕಾರ್ನ್’ ನೌಕೆಯನ್ನೂ ಸೇರಿಸಿಕೊಳ್ಳಬಹುದು. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ ಹೊರಡಿ. ಅದು ಇದೇ ಮಾದರಿಯದು, 1824ರಲ್ಲಿ ಇಂಗ್ಲೆಂಡಿನಲ್ಲೇ ಕಟ್ಟಿದ್ದು. ಕಡಲಿಗೆ ಕಳುಹಿಸದೆ, ಆರಂಭದಲ್ಲಿಯೇ ಮೇಲೊಂದು ಮಾಡು ಹೊದಿಸಿ ನಿಲ್ಲಿಸಿದ್ದರು. ಆ ಮಾಡು ಇಂದಿಗೂ ಅದರ ಮೇಲಿದೆ.