ಕೆಲಸ ಬಿಡುವ ಯೋಚನೆಗೆ ಮುಂಚೆ ಎರಡು ವಾರದ ಲೆಕ್ಕ

‘ಕೆಲಸದಲ್ಲಿ ತೃಪ್ತಿಯೇ ಇಲ್ಲ’ ಎನ್ನುವವರನ್ನು ‘ಯಾವ ಕೆಲಸದಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆಗಿದ್ದಾಗ?’ ಎಂದು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. ಬೇಸರ ಇಡೀ ಕೆಲಸಕ್ಕೇ ಅಂಟಿಕೊಂಡಂತೆ ಕಾಣುತ್ತದೆ, ಬರೆದು ನೋಡಿದರೆ ಎಷ್ಟೋ ಸಲ ವಾರದ ಕೆಲವೇ ಗಂಟೆಗಳಲ್ಲಿ ಗುಂಪುಗೂಡಿರುತ್ತದೆ. ಆ ಗಂಟೆಗಳು ಯಾವುವೆಂದು ತಿಳಿಯದೆ ‘ನನ್ನ ನಿಜವಾದ ಆಸಕ್ತಿ ಏನು’ ಎಂದು ತಲೆಕೆಡಿಸಿಕೊಳ್ಳುವುದು ಕಾಲಹರಣ.

ಒಂದು ಸಣ್ಣ ನೋಟ್‌ಬುಕ್ ಸಾಕು. ನಾಲ್ಕು ಕಾಲಂ ಹಾಕಿ: ಎಷ್ಟರಿಂದ ಎಷ್ಟರವರೆಗೆ, ಏನು ಮಾಡಿದ್ದು, ಯಾರ ಜೊತೆ, ಅಂಕ. ಅಂಕ −2ರಿಂದ +2ರವರೆಗೆ: ತೀರಾ ಬೇಸರವೆನಿಸಿದ್ದಕ್ಕೆ −2, ತುಂಬಾ ಹಿತವೆನಿಸಿದ್ದಕ್ಕೆ +2. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ, ಕೆಲಸ ಮುಗಿದಾಗ, ಮಲಗುವ ಮುಂಚೆ, ಹೀಗೆ ದಿನಕ್ಕೆ ಮೂರು ಸಲ ಎರಡೆರಡು ನಿಮಿಷ ಬರೆಯಿರಿ. ಎಲ್ಲವನ್ನೂ ವಾರದ ಕೊನೆಗೆ ಒಟ್ಟಿಗೆ ಬರೆಯುತ್ತೇನೆಂದರೆ ಲೆಕ್ಕ ಕೆಡುತ್ತದೆ. ನೆನಪು ಅತಿ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದಿಟ್ಟುಕೊಂಡು ಮಿಕ್ಕದ್ದನ್ನು ಕೈಬಿಡುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಧಾನದಲ್ಲೂ ಜನರಿಂದ ಹಿಂದಿನ ದಿನವನ್ನು ಹೀಗೆ ತುಂಡು ತುಂಡಾಗಿ ಬರೆಸಿ, ಒಂದೊಂದು ತುಂಡಿನಲ್ಲೂ ಹೇಗನಿಸಿತು ಎಂದು ಕೇಳುತ್ತಿದ್ದರು.

‘ಮೀಟಿಂಗ್, −1’ ಎಂದು ಬರೆದರೆ ಪ್ರಯೋಜನವಿಲ್ಲ. ‘11ರಿಂದ 11:50, ಮೀಟಿಂಗ್, ಎಂಟು ಜನ, ನಾನು ಬಾಯಿ ಬಿಡಲಿಲ್ಲ, ನನ್ನಿಂದ ಏನೂ ಬೇಕಿರಲಿಲ್ಲ, −2’ ಎಂದು ಬರೆದರೆ ಮುಂದೆ ಏನು ಮಾಡಬೇಕೆಂಬುದು ಅದರಲ್ಲೇ ಇದೆ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು, ನಿಜವಾಗಿ ಅನಿಸಿದ್ದಕ್ಕೆ ಹಾಕುವ ಬದಲು ಅನಿಸಬೇಕಾದದ್ದಕ್ಕೆ ಅಂಕ ಹಾಕುವುದು. ಮುಖ್ಯವಾದ ಕೆಲಸ ಎಂದು ಸುಮ್ಮನೆ +2 ಕೊಡಬೇಡಿ. ಪುಟ ಪೂರ್ತಿ ಸೊನ್ನೆ ತುಂಬಿದ್ದರೆ ಸೊನ್ನೆಯನ್ನೇ ನಿಷೇಧಿಸಿ. ಆಫೀಸಿನ ಕಂಪ್ಯೂಟರಿನಲ್ಲಿ ಬರೆಯದಿರುವುದು ಒಳ್ಳೆಯದು, ಬೇರೆಯವರ ಕಣ್ಣಿಗೆ ಬೀಳಬಹುದೆಂದರೆ ಯಾರೂ ನಿಜ ಬರೆಯುವುದಿಲ್ಲ. ಒಂದೇ ವಾರ ಬರೆದರೂ ಸಾಲದು, ಆ ವಾರ ಡೆಡ್‌ಲೈನ್ ಇದ್ದಿರಬಹುದು.

ಎರಡು ವಾರ ಮುಗಿದ ಮೇಲೆ −2 ಬಿದ್ದ ಸಾಲುಗಳನ್ನು ಮಾತ್ರ ಆರಿಸಿಕೊಳ್ಳಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೀಸಿ ಮತ್ತು ರಿಚರ್ಡ್ ರಯಾನ್ ಹೇಳುವ ಮೂರು ಮಾನಸಿಕ ಅಗತ್ಯಗಳು ಇಲ್ಲಿ ಒಳ್ಳೆಯ ಜರಡಿ: ಹೇಗೆ ಮಾಡಬೇಕೆನ್ನುವುದು ನನ್ನ ಕೈಯಲ್ಲಿದೆಯೇ, ನನಗೆ ಇದು ಚೆನ್ನಾಗಿ ಬರುತ್ತಿದೆ ಎಂದು ಗೊತ್ತಾಗುತ್ತಿದೆಯೇ, ಇದರಲ್ಲಿ ಯಾರ ಜೊತೆಗಾದರೂ ಒಡನಾಟವಿದೆಯೇ. ಪ್ರತಿ ಶುಕ್ರವಾರ ರಿಪೋರ್ಟಿನ ಅಂಕಿಗಳನ್ನು ತಾಳೆ ನೋಡುವ ಕೆಲಸಕ್ಕೆ −2 ಬಿದ್ದಿದೆ ಎನ್ನಿ. ನಮೂನೆಯನ್ನು ಬೇರೆಯವರು ಹೇರಿದ್ದಾರೆ ಎಂಬ ಕಿರಿಕಿರಿಯಾದರೆ ಅದನ್ನು ಬದಲಿಸಲು ಅನುಮತಿ ಕೇಳಬೇಕು. ರಿಪೋರ್ಟ್ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ ಎಂಬುದಾದರೆ ಅದನ್ನು ಓದುವವರ ಬಳಿ ಹದಿನೈದು ನಿಮಿಷ ಕೂತು, ಯಾವ ಅಂಕಿ ಅವರಿಗೆ ಉಪಯೋಗಕ್ಕೆ ಬರುತ್ತದೆ ಎಂದು ವಿಚಾರಿಸಬೇಕು. ಎಷ್ಟೋ ಸಲ ಅರ್ಧದಷ್ಟು ಅಂಕಿಗಳನ್ನು ಯಾರೂ ನೋಡುವುದೇ ಇಲ್ಲ ಎಂದು ಆಗ ತಿಳಿಯುತ್ತದೆ. ಬೇಸರ ಒಂದೇ, ಮದ್ದು ಬೇರೆ ಬೇರೆ.

ಸಿಕ್ಕಿದ ಕೆಲಸವನ್ನೇ ಒಳಗಿನಿಂದ ಹೀಗೆ ತಿದ್ದಿಕೊಳ್ಳುವುದರ ಬಗ್ಗೆ ಸಂಶೋಧಕಿಯರಾದ ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯೂ ಇದ್ದಾರೆ: ಅದೇ ಕೆಲಸ ಮಾಡುವವರಲ್ಲಿ ಕೆಲವರು ರೋಗಿಗಳನ್ನು ಮಾತನಾಡಿಸುವುದನ್ನೂ ತಮ್ಮ ಕೆಲಸದ ಭಾಗವೆಂದೇ ಎಣಿಸಿದ್ದರು.

ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ವಾರ. ಮೇಲಧಿಕಾರಿಯ ಬಳಿ ‘ಬೋರ್ ಆಗುತ್ತಿದೆ ಸರ್’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಈ ಮೀಟಿಂಗಿಗೆ ಬರುವ ಬದಲು ಮೂರು ವಾರ ಟಿಪ್ಪಣಿ ಓದಿಕೊಳ್ಳುತ್ತೇನೆ, ಆ ಹೊತ್ತಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುತ್ತೇನೆ, ತೊಂದರೆಯಾದರೆ ಮತ್ತೆ ಬರುತ್ತೇನೆ’ ಎಂದು ಅವಧಿ ಸಮೇತ ಕೇಳಿದರೆ ಒಪ್ಪುವುದು ಅವರಿಗೂ ಸುಲಭ. ಬಹಳ ಜನ ಎಡವುವುದು ಬೇರೆಡೆ: ಇಷ್ಟದ ಕೆಲಸವನ್ನು ಸೇರಿಸಿಕೊಳ್ಳುತ್ತಾರೆ, ಹಳೆಯದರಲ್ಲಿ ಒಂದನ್ನೂ ಬಿಡುವುದಿಲ್ಲ. ತಿಂಗಳೊಳಗೆ ಆ ಇಷ್ಟದ ಕೆಲಸಕ್ಕೂ −1 ಬೀಳಲು ಶುರುವಾಗುತ್ತದೆ. ಅಂದ ಹಾಗೆ, ಸಂಬಳ ಸಾಲದಿದ್ದರೆ ಅಥವಾ ದಿನಾ ಅವಮಾನವಾಗುತ್ತಿದ್ದರೆ ಈ ತಿದ್ದುಪಡಿಗಳಿಂದ ಏನೂ ಆಗದು. ಅದು ಬೇರೆಯೇ ಸಮಸ್ಯೆ.

ಸಂಜೆಯ ಸಾಲುಗಳಲ್ಲಿ ‘ಮನೆಯಲ್ಲಿದ್ದೆ, ತಲೆಯಲ್ಲಿ ಆಫೀಸು’ ಎಂದು ಪದೇ ಪದೇ ಬಂದಿದ್ದರೆ ಕೆಲಸ ಮುಗಿಸುವ ಮುಂಚಿನ ಹತ್ತು ನಿಮಿಷವನ್ನು ಮೀಸಲಿಡಿ. ಅರ್ಧಕ್ಕೆ ನಿಂತ ಪ್ರತಿ ಕೆಲಸದ ಮುಂದೆ ನಾಳೆಯ ಮೊದಲ ಹೆಜ್ಜೆ ಮತ್ತು ಗಂಟೆ ಬರೆಯಿರಿ. ಮುಗಿಯದ ಕೆಲಸಕ್ಕೆ ನಿರ್ದಿಷ್ಟ ಯೋಜನೆ ಹಾಕಿಕೊಂಡರೆ ಅದು ಮನಸ್ಸಿಗೆ ನುಗ್ಗಿ ಕಾಡುವುದು ಕಡಿಮೆಯಾಗುತ್ತದೆಂದು ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ. ‘ರಿಪೋರ್ಟ್ ಮುಗಿಸುವುದು’ ಎಂಬುದು ಯೋಜನೆಯಲ್ಲ, ‘9:30ಕ್ಕೆ ಎರಡನೇ ಕೋಷ್ಟಕ’ ಎಂಬುದು ಯೋಜನೆ.

ಇಂಥ ಹೊಸ ಅಭ್ಯಾಸ ರೂಢಿಯಾಗಲು 21 ದಿನ ಸಾಕು ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ತಂಡ 96 ಜನರೊಂದಿಗೆ ನಡೆಸಿದ ಅಧ್ಯಯನದಲ್ಲಿ ಮಧ್ಯದ ಲೆಕ್ಕ 66 ದಿನ ಬಂತು, ಒಬ್ಬೊಬ್ಬರ ಅಂದಾಜು 18ರಿಂದ 254ರವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಬಿಡುವಿನಲ್ಲಿ ಮಾಡುವ ಯಾವುದಕ್ಕಾದರೂ ಸದಾ +2 ಬೀಳುತ್ತಿದ್ದರೆ ಅದರಿಂದ ದುಡ್ಡು ಮಾಡಲು ಅವಸರ ಬೇಡ. 1971ರ ಡೀಸಿ ಪ್ರಯೋಗದಲ್ಲಿ ಪಜಲ್ ಬಿಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದೇ ಕಡಿಮೆಯಾಯಿತು.

ಮೂರು ತಿಂಗಳ ನಂತರ ಮತ್ತೆ ಎರಡು ವಾರ ಬರೆದು ಹಳೆಯ ಪುಟದ ಪಕ್ಕ ಇಟ್ಟು ನೋಡಿ. ಕೇಳಿ, ತಿದ್ದಿ, ಬದಲಿಸಿದ ಮೇಲೂ ಅದೇ ಸಾಲುಗಳು −2ರಲ್ಲೇ ಇದ್ದರೆ ಬೇರೆ ಕೆಲಸ ಹುಡುಕಲು ಅದು ಸಾಕಷ್ಟು ಕಾರಣ. ಆಗ ಇಂಟರ್‌ವ್ಯೂಗೆ ಹೋಗುವಾಗ ಆ ಸಾಲುಗಳನ್ನೇ ಪ್ರಶ್ನೆಗಳಾಗಿ ತಿರುಗಿಸಿಕೊಂಡು ಹೋಗಿ: ವಾರಕ್ಕೆ ಎಷ್ಟು ಗಂಟೆ ಮೀಟಿಂಗ್, ಕೆಲಸದ ವಿಧಾನವನ್ನು ತೀರ್ಮಾನಿಸುವವರು ಯಾರು, ಮಾಡಿದ್ದು ಸರಿಯೋ ತಪ್ಪೋ ಎಂದು ಎಷ್ಟು ದಿನಕ್ಕೆ ತಿಳಿಯುತ್ತದೆ.