ಒಂದೇ ಪರಮಾಣು ಲೆಕ್ಕ, ಎರಡು ಆಕಾರ: ಫ್ರಿಜ್ ಗ್ಯಾಸಿನ ವಿಷಯ

ಹಾಸನದ ಸಾಲಗಾಮೆ ರಸ್ತೆ ಕಡೆ ನನ್ನದು ಫ್ರಿಜ್ ರಿಪೇರಿ ಅಂಗಡಿ. ದಿನಾ ಕೈಗೆ ಬರುವ ಗ್ಯಾಸ್ ಆರ್-600ಎ. ಇದರ ರಾಸಾಯನಿಕ ಹೆಸರು ಐಸೊಬ್ಯೂಟೇನ್. ಇದಕ್ಕೊಂದು ಅವಳಿ ಇದೆ, ಮಾಮೂಲಿ ಬ್ಯೂಟೇನ್, ಅಂದರೆ ಆರ್-600. ಎರಡರಲ್ಲೂ 4 ಕಾರ್ಬನ್, 10 ಹೈಡ್ರೋಜನ್. ಅಣುವಿನ ತೂಕ ಒಂದೇ. ಸುಟ್ಟರೆ ಬರುವುದೂ ಅದೇ ನೀರು, ಅದೇ ಇಂಗಾಲದ ಡೈಆಕ್ಸೈಡ್. ಆದರೂ ಬ್ಯೂಟೇನ್ −0.5 ಡಿಗ್ರಿಯಲ್ಲಿ ಕುದಿಯುತ್ತದೆ, ಐಸೊಬ್ಯೂಟೇನ್ −11.7 ಡಿಗ್ರಿಯಲ್ಲಿ. ಹನ್ನೊಂದು ಡಿಗ್ರಿ ವ್ಯತ್ಯಾಸಕ್ಕೆ ಕಾರಣ ಬರೀ ಆಕಾರ. ಈ ವಿಷಯ ನನಗೆ ಎಷ್ಟು ಸಲ ಯೋಚಿಸಿದರೂ ಹಳತಾಗುವುದಿಲ್ಲ.

ಬ್ಯೂಟೇನ್ ಉದ್ದನೆಯ ಸರಪಳಿ. ಐಸೊಬ್ಯೂಟೇನಿನಲ್ಲಿ ನಡುವಿನ ಒಂದು ಕಾರ್ಬನ್ನಿಗೆ ಉಳಿದ ಮೂರು ಅಂಟಿಕೊಂಡಿವೆ, ಹಾಗಾಗಿ ಅದು ಗಿಡ್ಡಕ್ಕೆ ಗುಂಡಗಿದೆ. ನಮ್ಮ ಅರಸೀಕೆರೆ ಕಡೆ ತೋಟದಲ್ಲಿ ಪೊರಕೆ ಕಡ್ಡಿಯ ಕಟ್ಟು, ಪಕ್ಕದಲ್ಲಿ ತೆಂಗಿನಕಾಯಿ ರಾಶಿ ನೋಡಿದ್ದೀರಲ್ವಾ? ಕಡ್ಡಿಗಳು ಉದ್ದಕ್ಕೂ ಮೈ ತಾಗಿಸಿ ಕೂರುತ್ತವೆ. ಕಾಯಿಗಳು ಒಂದೊಂದು ಚುಕ್ಕಿಯಲ್ಲಿ ಮಾತ್ರ ತಾಗುತ್ತವೆ. ಅಣುಗಳ ನಡುವಿನ ಸೆಳೆತ ತೀರಾ ಹತ್ತಿರ ಬಂದಾಗ ಮಾತ್ರ ಜೋರು. ಮೈ ತಾಗುವ ಜಾಗ ಕಮ್ಮಿಯಾದರೆ ಹಿಡಿತವೂ ಕಮ್ಮಿ. ಗುಂಡಗಿನ ಅಣು ಬೇಗ ಬಿಡಿಸಿಕೊಂಡು ಆವಿಯಾಗುತ್ತದೆ.

ಗ್ಯಾಸನ್ನು ಎಳೆದು ಒತ್ತುವ ಕಂಪ್ರೆಸರಿಗೆ ಇದರಿಂದ ಏನು? ಫ್ರೀಜರಿನ ಕಾಯಿಲ್ −20 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಅಲ್ಲಿ ಐಸೊಬ್ಯೂಟೇನಿನ ಆವಿಯ ಒತ್ತಡ ಸುಮಾರು 0.72 ಬಾರ್. ಬ್ಯೂಟೇನಿನದು ಬರೀ 0.45. ಒತ್ತಡ ಕಮ್ಮಿ ಅಂದರೆ ಪಿಸ್ಟನ್ನಿನ ಒಂದೊಂದು ಎಳೆತಕ್ಕೆ ಸಿಗುವ ಗ್ಯಾಸೂ ಕಮ್ಮಿ. ಬ್ಯೂಟೇನ್ ಹಾಕಿದರೆ ಅಷ್ಟೇ ತಂಪಿಗೆ ದೊಡ್ಡ ಕಂಪ್ರೆಸರ್ ಬೇಕು. ಇನ್ನೊಂದು ಮಾತು. ಹಾಸನ ಎತ್ತರದ ಊರು, ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಅದಕ್ಕಿಂತಲೂ 0.72 ಕಮ್ಮಿ. ಹಾಗಾಗಿ ಫ್ರೀಜರ್ ಕಾಯಿಲಿನ ಕಡೆ ಪೈಪು ತೂತಾದರೆ ಫ್ರಿಜ್ ಓಡುವಾಗ ಗ್ಯಾಸ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ನುಗ್ಗುತ್ತದೆ. ಹೊಸದಾಗಿ ಕೆಲಸ ಕಲಿಯುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

"ಅಡುಗೆ ಸಿಲಿಂಡರಿನದೂ ಬ್ಯೂಟೇನೇ ಅಲ್ವಾ, ಅದನ್ನೇ ತುಂಬಿ" ಅನ್ನುವವರಿದ್ದಾರೆ. ಬೇಡ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ. 20 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ 8 ಬಾರ್ ದಾಟುತ್ತದೆ, ಐಸೊಬ್ಯೂಟೇನಿನದು ಸುಮಾರು 3. ಜೊತೆಗೆ ವಾಸನೆಗೆ ಬೆರೆಸಿದ ಗಂಧಕದ ವಸ್ತು ಬೇರೆ. ಕಂಪ್ರೆಸರ್ ಕಟ್ಟಿರುವುದು ಒಂದೇ ಆಕಾರದ ಒಂದೇ ಅಣುವಿಗೆ.

ಡಿಪ್ಲೊಮಾ ಓದುವಾಗ ನಮಗೆ ಹೇಳಿಕೊಟ್ಟಿದ್ದು ಆದರ್ಶ ಅನಿಲದ ಸೂತ್ರ, ಅಂದರೆ ಇಷ್ಟು ಒತ್ತಡ, ಇಷ್ಟು ಬಿಸಿಗೆ ಅನಿಲ ಎಷ್ಟು ಜಾಗ ಹಿಡಿಯುತ್ತದೆ ಅನ್ನುವ ಲೆಕ್ಕ. ಅದರಲ್ಲಿ ಅಣುವಿಗೆ ಗಾತ್ರವೂ ಇಲ್ಲ, ಸೆಳೆತವೂ ಇಲ್ಲ. ಫ್ರಿಜ್ಜಿನ ಹಿಂದಿನ ಬಿಸಿ ಕಾಯಿಲಿನಲ್ಲಿ, 40 ಡಿಗ್ರಿ 5.3 ಬಾರಿನಲ್ಲಿ, ಐಸೊಬ್ಯೂಟೇನ್ ಆವಿ ಆ ಸೂತ್ರ ಹೇಳುವುದಕ್ಕಿಂತ ಸುಮಾರು ಶೇಕಡ 13ರಷ್ಟು ಕಮ್ಮಿ ಜಾಗ ಹಿಡಿಯುತ್ತದೆ. 1873ರಲ್ಲಿ ಡಚ್ ವಿಜ್ಞಾನಿ ವ್ಯಾನ್ ಡರ್ ವಾಲ್ಸ್ ಗಾತ್ರಕ್ಕೊಂದು, ಸೆಳೆತಕ್ಕೊಂದು ಅಂತ ಎರಡು ತಿದ್ದುಪಡಿ ಸೇರಿಸಿದರು. ಆಮೇಲೆ ಅವರೇ ಒಂದು ದೊಡ್ಡ ಮಾತು ಹೇಳಿದರು: ಪ್ರತಿ ಅನಿಲವನ್ನೂ ಅದರದೇ ಕ್ರಿಟಿಕಲ್ ಬಿಂದುವಿನಿಂದ (ದ್ರವ, ಆವಿ ಅನ್ನುವ ಭೇದವೇ ಅಳಿಸಿಹೋಗುವ ತಾಪಮಾನ ಮತ್ತು ಒತ್ತಡ) ಅಳೆದರೆ ಎಲ್ಲವೂ ಒಂದೇ ರೀತಿ ನಡೆದುಕೊಳ್ಳುತ್ತವೆ. ಆರ್ಗಾನ್, ಕ್ರಿಪ್ಟಾನ್, ಮೀಥೇನಿನಂಥ ಗುಂಡು ಅಣುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಉದ್ದದವು ಈ ನಿಯಮದಿಂದ ಜಾರುತ್ತವೆ.

ಎಷ್ಟು ಜಾರುತ್ತವೆ ಅನ್ನುವುದಕ್ಕೆ 1955ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಕೆನೆತ್ ಪಿಟ್ಜರ್ ಒಂದು ಅಳತೆ ಕೊಟ್ಟರು, ಅಸೆಂಟ್ರಿಕ್ ಫ್ಯಾಕ್ಟರ್ ಅಂತ. ಅನಿಲವನ್ನು ಅದರ ಕ್ರಿಟಿಕಲ್ ತಾಪಮಾನದ (ಕೆಲ್ವಿನ್ ಲೆಕ್ಕದಲ್ಲಿ) 0.7 ಪಾಲಿಗೆ ತನ್ನಿ. ಅಲ್ಲಿ ಅದರ ಆವಿಯ ಒತ್ತಡ ಕ್ರಿಟಿಕಲ್ ಒತ್ತಡದ ಎಷ್ಟನೇ ಪಾಲು ಅಂತ ನೋಡಿ. ಆರ್ಗಾನಿಗೆ ಹತ್ತನೇ ಒಂದು. ಐಸೊಬ್ಯೂಟೇನಿಗೆ ಸುಮಾರು ಹದಿನೈದನೇ ಒಂದು, ಬ್ಯೂಟೇನಿಗೆ ಹದಿನಾರನೇ ಒಂದು. ಎಂಟು ಕಾರ್ಬನ್ನಿನ ಆಕ್ಟೇನಿಗೆ ಇಪ್ಪತ್ತೈದನೇ ಒಂದು. ಆರ್ಗಾನಿಗೆ ಸೊನ್ನೆ ಇಟ್ಟು, ಈ ಇಳಿತವನ್ನೇ ಲಾಗರಿದಮ್ಮಿನಲ್ಲಿ ಬರೆದರೆ ಐಸೊಬ್ಯೂಟೇನಿಗೆ 0.18, ಬ್ಯೂಟೇನಿಗೆ 0.20, ಆಕ್ಟೇನಿಗೆ 0.40. ಗಣಿತ ಇಷ್ಟೇ. ನಿಜವಾದ ಅನಿಲಗಳ ಲೆಕ್ಕಕ್ಕೆ ಇವತ್ತಿಗೂ ಎಂಜಿನಿಯರುಗಳು ಬಳಸುವ 1976ರ ಪೆಂಗ್-ರಾಬಿನ್ಸನ್ ಸಮೀಕರಣದಲ್ಲಿ ಆಕಾರದ ಲೆಕ್ಕ ಬರುವುದು ಈ ಒಂದು ಸಂಖ್ಯೆಯಿಂದಲೇ.

ಬ್ಯೂಟೇನಿನಲ್ಲಿ ವ್ಯತ್ಯಾಸ ಸಣ್ಣದು ಅನ್ನಿಸಿದರೆ ಪೆಂಟೇನ್ ನೋಡಿ. 5 ಕಾರ್ಬನ್, 12 ಹೈಡ್ರೋಜನ್, ಮೂರು ಆಕಾರ. ನೇರ ಸರಪಳಿ 36 ಡಿಗ್ರಿಯಲ್ಲಿ ಕುದಿಯುತ್ತದೆ, ಒಂದು ಕವಲಿನದು 28ರಲ್ಲಿ. ಹೆಚ್ಚು ಕಮ್ಮಿ ಗುಂಡಗೇ ಇರುವ ನಿಯೋಪೆಂಟೇನ್ 9.5ರಲ್ಲಿ. ಹಾಸನದ ಒಂದು ಮಾಮೂಲಿ ಕೋಣೆಯಲ್ಲಿ ಮೊದಲನೆಯದು ಸೀಸೆಯಲ್ಲಿ ದ್ರವವಾಗಿ ಕೂತಿರುತ್ತದೆ, ಕೊನೆಯದು ಆವಿಯಾಗಿ ಹೋಗಿರುತ್ತದೆ.