ಅಂಜುಬುರುಕ ಸವಾರನಿಗೂ ಮರುಭೂಮಿಯಲ್ಲಿ ದಾರಿ ಇದೆ

ಸೈಕಲ್ ಮೇಲೆ ನಾನು ಧೈರ್ಯವಂತನಲ್ಲ. ಇಳಿಜಾರು ಕಂಡರೆ ಸಾಕು, ಬೆರಳು ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಆದರೆ ಮರುಭೂಮಿಯ ಟ್ರೇಲ್‌ಗಳೆಂದರೆ, ಅಂದರೆ ಸೈಕಲ್ ಓಡಿಸುವ ಕಚ್ಚಾ ದಾರಿಗಳೆಂದರೆ, ತುಂಬಾ ಇಷ್ಟ. ಹಾಗಾಗಿ ಓಡಿಸುವುದಕ್ಕಿಂತ ಟ್ರೇಲ್ ಹುಡುಕುವುದರಲ್ಲೇ ಜಾಸ್ತಿ ಪಳಗಿದ್ದೇನೆ.

ಅಮೆರಿಕದ ಯೂಟಾ ರಾಜ್ಯದ ಮೋವಾಬ್ ಎಂದ ಕೂಡಲೇ ಎಲ್ಲರೂ ಹೇಳುವುದು ಸ್ಲಿಕ್‌ರಾಕ್ ಟ್ರೇಲ್. ಉದ್ದ ಸುಮಾರು 16 ಕಿ.ಮೀ. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಬರೀ ಬಂಡೆ, ಎದೆಗೆ ತಾಗುವಂಥ ಏರು, ಅದರ ಹಿಂದೆಯೇ ಇಳಿಜಾರು. ಅಲ್ಲೊಂದು 'ಪ್ರಾಕ್ಟೀಸ್ ಲೂಪ್' (ಅಭ್ಯಾಸದ ಸುತ್ತುದಾರಿ) ಕೂಡ ಇದೆ. ಆ ಹೆಸರು ನಂಬಬೇಡಿ! ಉದ್ದ ಮಾತ್ರ ಕಡಿಮೆ, ಕಷ್ಟ ಅಷ್ಟೇ.

ಹೊಸಬರು ಅದೇ ಊರಿನ ಬಾರ್ ಎಂ ಲೂಪ್‌ಗೆ ಹೋಗಲಿ. ಇದು ಸುಮಾರು 13 ಕಿ.ಮೀ. ಇದೆ, ಆದರೆ ದಾರಿ ಅಗಲ, ಏರು ಹಗುರ. ಪಕ್ಕದಲ್ಲೇ ಲೇಜಿ ಈಜಿ, ರಸ್ಟಿ ಸ್ಪರ್ ಎಂಬ ಸಣ್ಣ ಟ್ರೇಲ್‌ಗಳಿವೆ. ಕೊಲರಾಡೋದ ಫ್ರೂಟಾದಲ್ಲಿರುವ ರಸ್ಲರ್ಸ್ ಲೂಪ್ ಇನ್ನೂ ಚೆನ್ನ. ಹೇಗೆ ಓಡಿಸಬೇಕೆಂದು ಹೇಳಿಕೊಡುವ ಫಲಕಗಳು ದಾರಿಯಲ್ಲೇ ಇವೆ.

ನಕ್ಷೆಯಲ್ಲಿ ನಾನು ಮೊದಲು ನೋಡುವುದು ಬಣ್ಣ. ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಆದರೆ ಬಣ್ಣ ಎಲ್ಲವನ್ನೂ ಹೇಳುವುದಿಲ್ಲ. ದಾರಿಯ ಅಂಚಿನಲ್ಲಿ ಪ್ರಪಾತ ಇದೆಯಾ, ಮರಳು ತುಂಬಿದ ಒಣ ಹಳ್ಳ ದಾಟಬೇಕಾ ಎಂದು ಟ್ರೇಲ್‌ಗಳ ನಕ್ಷೆ ತೋರಿಸುವ ಟ್ರೇಲ್‌ಫೋರ್ಕ್ಸ್ ಆ್ಯಪ್‌ನಲ್ಲಿ ಜನ ಹಾಕಿದ ಫೋಟೋ, ಟಿಪ್ಪಣಿ ನೋಡಿ ತಿಳಿದುಕೊಳ್ಳುತ್ತೇನೆ. ಮರಳಿನಲ್ಲಿ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಮೊದಲೇ ಹಗುರ ಗೇರಿಗೆ ಬದಲಿಸಿ, ಮೈಭಾರ ಸ್ವಲ್ಪ ಹಿಂದಕ್ಕೆ ಹಾಕಿ, ಹ್ಯಾಂಡಲ್ ತಿರುಗಿಸದೆ ಪೆಡಲ್ ತುಳಿಯುತ್ತಿರಬೇಕು. ಆಗದಿದ್ದರೆ ಇಳಿದು ತಳ್ಳಿ, ಯಾರೂ ನಗುವುದಿಲ್ಲ. ಅಂಚಿನ ಕಪ್ಪು ಹೊಪ್ಪಳೆಯಂಥ ಮಣ್ಣಿನ ಮೇಲೆ ಮಾತ್ರ ಚಕ್ರ ಹತ್ತಿಸಬೇಡಿ. ಅದು ಜೀವಂತ ಪದರ, ಒಮ್ಮೆ ಒಡೆದರೆ ಸರಿಹೋಗಲು ದಶಕಗಳೇ ಬೇಕು.

ಅರಿಜೋನಾದ ಸ್ಕಾಟ್ಸ್‌ಡೇಲ್ ಬಳಿಯ ಬ್ರೌನ್ಸ್ ರ‍್ಯಾಂಚ್‌ನಲ್ಲೂ ಹೊಸಬರಿಗೆ ಒಪ್ಪುವ ಟ್ರೇಲ್‌ಗಳಿವೆ. ಆದರೆ ಅಲ್ಲಿ ಚೋಯಾ ಕಳ್ಳಿ ಇದೆ. ಸುಮ್ನೆ ತಾಗಿದರೂ ಮುಳ್ಳಿನ ಉಂಡೆ ಮೈಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಚುಚ್ಚುತ್ತದೆ. ನನ್ನ ಚೀಲದಲ್ಲಿ ಸದಾ ಒಂದು ಬಾಚಣಿಗೆ ಇರುತ್ತದೆ, ತಲೆ ಬಾಚಲು ಅಲ್ಲ.

ಬೇಸಿಗೆಯಲ್ಲಿ ಇಲ್ಲೆಲ್ಲ ಬಿಸಿಲು 38 ಡಿಗ್ರಿ ದಾಟುತ್ತದೆ, ಹೊಸಬರು ಆಗ ಹೋಗಲೇಬೇಡಿ. ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಬಾಡಿಗೆಗೆ ತೆಗೆದುಕೊಂಡರೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿದ ಟ್ಯೂಬ್‌ಲೆಸ್ ಟಯರ್‌ನ ಸೈಕಲ್ ಕೇಳಿ. ಸಣ್ಣ ಮುಳ್ಳು ಚುಚ್ಚಿದರೂ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ.